ಸೋರಿಕೆ ಮುಚ್ಚಿದವರೇ ತುಕ್ಕಿಗೆ ದಾರಿ ಮಾಡಿಕೊಟ್ಟರು: ಸ್ಪ್ರಿಂಕ್ಲರ್ ಪೈಪುಗಳ ಬಗ್ಗೆ ಎಚ್ಚರಿಕೆ

ನಾನು ನಿರ್ವಹಣೆ ನೋಡಿಕೊಳ್ಳುವ ಕಟ್ಟಡದಲ್ಲಿ, ಬೆಂಕಿ ಬಿದ್ದಾಗ ನೀರು ಚಿಮುಕಿಸುವ ಸ್ಪ್ರಿಂಕ್ಲರ್‌ಗಳ ಪೈಪುಗಳಲ್ಲಿ ಮೊದಲು ಕಂಡದ್ದು ಸೂಜಿಮೊನೆಯಷ್ಟು ಒಂದು ರಂಧ್ರ. ನಿರ್ವಹಣಾ ಗುತ್ತಿಗೆ ಪಡೆದಿದ್ದ ಸಂಸ್ಥೆಯವರು ನೀರನ್ನೆಲ್ಲ ಖಾಲಿ ಮಾಡಿ, ಸೋರುತ್ತಿದ್ದ ತುಂಡನ್ನು ಕತ್ತರಿಸಿ, ಹೊಸದನ್ನು ಕೂಡಿಸಿ, ಮತ್ತೆ ನೀರು ತುಂಬಿಸಿ ಬಿಲ್ಲು ಕೊಟ್ಟು ಹೋದರು. ಕೆಲವೇ ತಿಂಗಳಲ್ಲಿ ಅದೇ ಸಾಲಿನಲ್ಲಿ ಇನ್ನೊಂದು ಕಡೆ ಸೋರಿತು, ಆಮೇಲೆ ಮತ್ತೊಂದು ಕಡೆ. ಪ್ರತಿ ಬಾರಿಯೂ ಪೈಪು ಹಳೆಯದಾಗಿದೆ ಎಂಬ ಒಂದೇ ಉತ್ತರ. ಕತ್ತರಿಸಿದ ತುಂಡು ಮಾತ್ರ ಅವರೊಂದಿಗೇ ಗುಜರಿಗೆ ಹೋಗುತ್ತಿತ್ತು.

ಒಂದು ತುಂಡನ್ನು ಉಳಿಸಿಕೊಂಡು ಉದ್ದಕ್ಕೆ ಸೀಳಿಸಿದಾಗ ವಿಷಯ ತಿಳಿಯಿತು. ಗುಳಿಗಳು ಎಲ್ಲೆಂದರಲ್ಲಿ ಇರಲಿಲ್ಲ. ನೀರಿನ ಮಟ್ಟ ನಿಲ್ಲುತ್ತಿದ್ದ ಗೆರೆಯುದ್ದಕ್ಕೂ ಸಾಲಾಗಿದ್ದವು. ನೀರು ತುಂಬಿಸುವಾಗ ಹೊರಹೋಗಲು ದಾರಿಯಿಲ್ಲದ ಗಾಳಿ ಪೈಪಿನ ಎತ್ತರದ ಭಾಗಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಅದರಲ್ಲಿರುವ ಸುಮಾರು 21 ಶೇಕಡಾ ಆಮ್ಲಜನಕ ಒತ್ತಡದಿಂದಾಗಿ ನೀರಿನಲ್ಲಿ ಇನ್ನಷ್ಟು ಕರಗಿ ಪಕ್ಕದ ಉಕ್ಕನ್ನು ತಿನ್ನುತ್ತದೆ. ಹಾಗೆಯೇ ಬಿಟ್ಟರೆ ಆ ಆಮ್ಲಜನಕ ಮುಗಿದು ತುಕ್ಕಿನ ವೇಗ ತಗ್ಗುತ್ತದೆ. ಆದರೆ ಖಾಲಿ ಮಾಡಿ ತುಂಬಿಸಿದಾಗಲೆಲ್ಲ ಹೊಸ ಗಾಳಿ, ಹೊಸ ನೀರು. ಅಂದರೆ ನಾವು ದುರಸ್ತಿಯೆಂದು ಹಣ ಕೊಟ್ಟಿದ್ದು ಮುಂದಿನ ರಂಧ್ರಕ್ಕೆ.

ಸೋರಿಕೆಗಿಂತ ದೊಡ್ಡ ಅಪಾಯ ಪೈಪಿನ ತಳದಲ್ಲಿತ್ತು. ಅಲ್ಲಿ ಗಂಟುಗಂಟಾಗಿ ಬೆಳೆದಿದ್ದ ತುಕ್ಕು ಬೆಂಕಿಯ ಸಮಯದಲ್ಲಿ ನೀರಿನ ರಭಸಕ್ಕೆ ಕಳಚಿಕೊಂಡರೆ, ಅರ್ಧ ಇಂಚಿನಷ್ಟೇ ಬಾಯಿರುವ ಸ್ಪ್ರಿಂಕ್ಲರನ್ನು ಮುಚ್ಚಿಬಿಡಬಲ್ಲದು.

ಇದನ್ನು ತೋರಿಸಿದ ಮೇಲೆ ಅದೇ ಸಂಸ್ಥೆ ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ ಹಾಕಿಸಿರೆಂದು ಸಲಹೆ ಕೊಟ್ಟಿತು. ಸೂಕ್ಷ್ಮಜೀವಿಗಳಿಂದ ತುಕ್ಕು ಬರುವುದು ನಿಜ, ಸಲ್ಫೇಟನ್ನು ಅಪಕರ್ಷಿಸುವ ಬ್ಯಾಕ್ಟೀರಿಯಾ ಅದಕ್ಕೆ ಹೆಸರಾಗಿವೆ. ಆದರೆ ನೀರಿನ ಮತ್ತು ತುಕ್ಕಿನ ಮಾದರಿಯನ್ನು ಪರೀಕ್ಷೆಗೆ ಕಳಿಸದೆ ಔಷಧ ಮಾರುವವರನ್ನು ನಂಬಬೇಡಿ, ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಅಥವಾ ರಬ್ಬರ್ ಗ್ಯಾಸ್ಕೆಟ್ ಇದ್ದಲ್ಲಿ ಆ ರಾಸಾಯನಿಕ ಅವಕ್ಕೆ ಹೊಂದುತ್ತದೆಂದು ಬರಹದಲ್ಲಿ ಪಡೆಯಿರಿ.

ನಮಗೆ ಬೇಕಿದ್ದುದು ಎತ್ತರದ ತುದಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುವ ಒಂದು ಏರ್ ವೆಂಟ್. ಲೋಹದ ಪೈಪಿನ, ಸದಾ ನೀರು ತುಂಬಿರುವ ವ್ಯವಸ್ಥೆಗೆ ಇದು ಬೇಕೆಂದು ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಮಾನದಂಡವಾದ ಎನ್‌ಎಫ್‌ಪಿಎ 13ರ 2016ರ ಆವೃತ್ತಿಯಲ್ಲೇ ಇದೆ. ಐದು ವರ್ಷಕ್ಕೊಮ್ಮೆ ಪೈಪಿನ ಒಳಭಾಗ ನೋಡಬೇಕೆಂದು ಎನ್‌ಎಫ್‌ಪಿಎ 25 ಹೇಳುತ್ತದೆ. ಮುಖ್ಯ ಪೈಪಿನ ಕೊನೆಯ ಫ್ಲಶಿಂಗ್ ಜೋಡಣೆಯನ್ನೂ (ಪೈಪು ತೊಳೆಯಲು ಬಿಟ್ಟ ಬಾಯಿ) ಕವಲಿನ ತುದಿಯ ಒಂದು ಸ್ಪ್ರಿಂಕ್ಲರನ್ನೂ ಬಿಚ್ಚಿದರೆ ಸಾಕು. ನಮ್ಮ ಗುತ್ತಿಗೆ ಪತ್ರದಲ್ಲಿ ಏರ್ ವೆಂಟಿನ ಪ್ರಸ್ತಾಪವೂ ಇರಲಿಲ್ಲ, ಈ ಒಳ ತಪಾಸಣೆಯ ಪ್ರಸ್ತಾಪವೂ ಇರಲಿಲ್ಲ. ಪೈಪಿನ ಒತ್ತಡ ತಗ್ಗದಂತೆ ಕಾಯುವ ಸಣ್ಣ ಜಾಕಿ ಪಂಪು ಮತ್ತೆ ಮತ್ತೆ ಚಾಲೂ ಆಗುತ್ತಿದ್ದರೆ ಕಾಣದ ಸೋರಿಕೆಯ ಶಂಕೆಯಿಂದ ಆಗಲೇ ಹುಡುಕಿಸಿ.

ನೀರಿಲ್ಲದ, ಒತ್ತಿದ ಗಾಳಿ ತುಂಬಿದ ಡ್ರೈ ಪೈಪುಗಳಿರುವವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ಸತು ಲೇಪಿಸಿದ ಜಿ.ಐ. ಪೈಪಿಗೆ ತುಕ್ಕಿಲ್ಲ ಎಂಬ ಭರವಸೆ ಇಲ್ಲಿ ನಡೆಯುವುದಿಲ್ಲ: ಒತ್ತಡ ಪರೀಕ್ಷೆಯ ನಂತರ ತಗ್ಗಿನಲ್ಲಿ ಉಳಿದ ನೀರು ಅಷ್ಟು ಜಾಗದ ಸತುವನ್ನು ತಿಂದು ಮುಗಿಸಿ ಕೆಳಗಿನ ಉಕ್ಕಿಗೆ ಇಳಿಯುತ್ತದೆ, ಕಂಪ್ರೆಸರ್ ಹೊಸ ಆಮ್ಲಜನಕ ಒದಗಿಸುತ್ತಲೇ ಇರುತ್ತದೆ. ಪೈಪು ನೀರು ಬಸಿಯುವ ಡ್ರೈನ್ ವಾಲ್ವಿನ ಕಡೆಗೆ ನಿಜವಾಗಿ ಇಳಿಜಾರಾಗಿದೆಯೇ ಎಂದು ಮಟ್ಟಗೋಲು ಇಟ್ಟು ನೋಡಿಸಿ. ಗಾಳಿಯ ಬದಲು 98 ಶೇಕಡಾ ಶುದ್ಧತೆಯ ಸಾರಜನಕ ತುಂಬಿಸುವ ಯಂತ್ರ ಒಳ್ಳೆಯ ಉಪಾಯವೇ, ಆದರೆ ತಿಂದುಹೋದ ಉಕ್ಕನ್ನು ಅದು ಮರಳಿ ಕೊಡದು; ಅಲ್ಟ್ರಾಸಾನಿಕ್ ಅಳತೆಯಲ್ಲಿ ಗೋಡೆ ತೆಳುವಾಗಿದೆ ಎಂದು ಕಂಡ ಪೈಪನ್ನು ಮೊದಲು ಬದಲಿಸಿ, ಆಮೇಲೆ ಯಂತ್ರದ ಮಾತಾಡಿ.