ಏನೂ ಮಾಡದ ಫಂಡಿಗೆ ಐದರಲ್ಲಿ ನಾಲ್ಕು ಸ್ಟಾರ್

2013ರಿಂದ ಇಂಡೆಕ್ಸ್ ಫಂಡಿಗೆ ತಿಂಗಳ ಕಂತು ಕಟ್ಟುತ್ತಿದ್ದೇನೆ. ಶುರು ಮಾಡಿದಾಗ ನನಗೆ 38. ಉದ್ದೇಶ ಒಂದೇ, ಕೆಲಸ ಬಿಟ್ಟ ಮೇಲೆ ಯಾರ ಮುಂದೆಯೂ ಕೈ ಚಾಚಬಾರದು. ಇಷ್ಟು ವರ್ಷದಲ್ಲಿ ಈ ಸರಕು ಒಂದು ದಿನವೂ ನನಗೆ ಖುಷಿ ಕೊಟ್ಟಿಲ್ಲ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಒಂದು ಕಥೆಯನ್ನೂ ಕೊಟ್ಟಿಲ್ಲ. ಆಫೀಸಿನಲ್ಲಿ ಯಾರೋ ಯಾವುದೋ ಷೇರು ಮೂರು ಪಟ್ಟಾಯಿತು ಅಂತ ಹೇಳುವಾಗ ನಾನು ಸುಮ್ನೆ ಟೀ ಕುಡಿಯುತ್ತಿರುತ್ತೇನೆ. ಆದರೂ ರಿವ್ಯೂ ಬರೆಯುತ್ತಿದ್ದೇನೆ. ಯಾಕೆಂದರೆ ಇದನ್ನು ಹೊಗಳುವವರು ಅರ್ಧ ಮಾತ್ರ ಹೇಳುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಷೇರುಪೇಟೆಯ ದೊಡ್ಡ ಕಂಪನಿಗಳ ಪಟ್ಟಿ ಇರುತ್ತದಲ್ಲ, ಅದು ಇಂಡೆಕ್ಸ್. ಆ ಪಟ್ಟಿಯಲ್ಲಿ ಯಾವ ಕಂಪನಿಗೆ ಎಷ್ಟು ತೂಕವೋ ಅಷ್ಟೇ ತೂಕದಲ್ಲಿ, ಜನರಿಂದ ಕೂಡಿಸಿದ ದುಡ್ಡಿನಿಂದ ಎಲ್ಲದರ ಷೇರನ್ನೂ ಕೊಂಡು ಇಟ್ಟುಕೊಳ್ಳುವುದು ಈ ಫಂಡಿನ ಕೆಲಸ. ಯಾವುದು ಏರುತ್ತದೆ, ಯಾವುದು ಬೀಳುತ್ತದೆ ಅಂತ ತಲೆ ಕೆಡಿಸಿಕೊಳ್ಳುವ ಮ್ಯಾನೇಜರ್ ಇಲ್ಲ. ಪಟ್ಟಿ ಬದಲಾದರೆ ಇದೂ ಬದಲಾಗುತ್ತದೆ, ಅಷ್ಟೇ. ನನ್ನ ಹತ್ತಿರ ಎರಡಿವೆ. ಒಂದು ನಮ್ಮ ದೇಶದ ಪೇಟೆಯದು, ಇನ್ನೊಂದು ಹೊರಗಿನದು.

ಇದಕ್ಕೂ ಮುಂಚೆ ನಾನು ತಗೊಂಡಿದ್ದು ವಿಮೆ ಮತ್ತು ಹೂಡಿಕೆ ಎರಡೂ ಸೇರಿದ ಒಂದು ಪಾಲಿಸಿ. ತಂದುಕೊಟ್ಟವರು ದೂರದ ಸಂಬಂಧದಲ್ಲಿ ಚಿಕ್ಕಪ್ಪನ ವರಸೆ. ಮನೆಗೆ ಬಂದು, ಕಾಫಿ ಕುಡಿದು, "ನೋಡಮ್ಮಾ, ನಿನ್ನ ಅರವತ್ತನೇ ವರ್ಷಕ್ಕೆ ಇದು ಪಿಂಚಣಿ ಇದ್ದಂಗೆ" ಅಂದರು. ಸಹಿ ಹಾಕಿದೆ. ಮೂರು ವರ್ಷ ಕಟ್ಟಿದ ಮೇಲೆ ಕಾಗದ ತೆಗೆದು ಓದಿದಾಗ ಗೊತ್ತಾಗಿದ್ದು, ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು ನನ್ನ ಹೆಸರಿಗೆ ಸೇರಿಯೇ ಇರಲಿಲ್ಲ. ಬಿಡಿಸಿಕೊಂಡಾಗ ಕಟ್ಟಿದ್ದಕ್ಕಿಂತ ಕಡಿಮೆ ಬಂತು. ಚಿಕ್ಕಪ್ಪ ಈಗಲೂ ಮದುವೆಗಳಲ್ಲಿ ಸಿಗುತ್ತಾರೆ, ಚೆನ್ನಾಗೇ ಮಾತಾಡುತ್ತಾರೆ. ನನಗೇ ಸ್ವಲ್ಪ ಮುಜುಗರ.

ಆ ಏಟು ತಿಂದ ಮೇಲೆ ನಾನು ಎಲ್ಲದರಲ್ಲೂ ಮೊದಲು ನೋಡುವುದು ಖರ್ಚಿನ ಕಾಲಂ. ಇಂಡೆಕ್ಸ್ ಫಂಡ್ ಗೆಲ್ಲುವುದೂ ಅಲ್ಲೇ. ಲೆಕ್ಕ ಹೇಳುತ್ತೇನೆ, ನೀವೇ ಮೊಬೈಲಿನಲ್ಲಿ ಒತ್ತಿ ನೋಡಿ. ನೂರು ಹಾಕಿದಿರಿ ಅಂದುಕೊಳ್ಳಿ. ವರ್ಷಕ್ಕೆ 7 ಪರ್ಸೆಂಟ್ ಬೆಳೆದರೆ 30 ವರ್ಷಕ್ಕೆ ಅದು 761 ಆಗುತ್ತದೆ. ಫಂಡಿನವರು ವರ್ಷಕ್ಕೆ 0.1 ಪರ್ಸೆಂಟ್ ಖರ್ಚು ಹಿಡಿದರೆ ಕೈಗೆ 740. ಒಂದೂವರೆ ಪರ್ಸೆಂಟ್ ಹಿಡಿದರೆ 498. ಒಂದೂವರೆ ಅಂದರೆ ಏನು ಮಹಾ ಅನಿಸುತ್ತದೆ, ಅಲ್ವಾ? ಮೂರರಲ್ಲಿ ಒಂದು ಪಾಲು ಹೋಯಿತು. ಪೇಟೆ ಬಿದ್ದು ಹೋಗಿದ್ದಲ್ಲ, ಫೀಸಿಗೆ ಹೋಗಿದ್ದು.

ಇದರಲ್ಲಿ ಇನ್ನೊಂದು ಕಿತಾಪತಿ ಏನೆಂದರೆ, ಈ ಖರ್ಚು ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಬೇರೆ ಸಾಲಾಗಿ ಎದ್ದು ಕಾಣುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪವೇ ಯೂನಿಟ್ ಬೆಲೆಯಲ್ಲೇ, ಅಂದರೆ ಫಂಡಿನ ಒಂದು ಪಾಲಿನ ಬೆಲೆಯಲ್ಲೇ, ಕಳೆದು, ಉಳಿದಿದ್ದನ್ನು ತೋರಿಸುತ್ತಾರೆ. ಕರೆಂಟ್ ಬಿಲ್ ಹಾಗೆ ತಿಂಗಳಿಗೊಮ್ಮೆ ಕೈಗೆ ಬಂದಿದ್ದರೆ ಜನ ಜಗಳ ಆಡುತ್ತಿದ್ದರು. ಕಾಣದ ಖರ್ಚಿಗೆ ಜಗಳ ಇಲ್ಲ.

ಇಂಡೆಕ್ಸ್ ಫಂಡನ್ನು ಮಾಮೂಲಿ ಜನರ ಕೈಗೆ ತಂದವರು ಅಮೆರಿಕದ ಜಾನ್ ಬೋಗಲ್. 1976ರಲ್ಲಿ ವ್ಯಾನ್‌ಗಾರ್ಡ್ ಕಂಪನಿಯಿಂದ ಮೊದಲ ಫಂಡ್ ಬಂದಾಗ 15 ಕೋಟಿ ಡಾಲರ್ ಸಿಗಬಹುದು ಅಂತ ಕಾದರು, ಬಂದಿದ್ದು 1.13 ಕೋಟಿ. ಪಟ್ಟಿಯ ಎಲ್ಲ ಷೇರು ಕೊಳ್ಳಲೂ ಆ ದುಡ್ಡು ಸಾಲಲಿಲ್ಲ. ಪೇಟೆಯವರು ಅದಕ್ಕೆ "ಬೋಗಲ್‌ನ ಹುಚ್ಚಾಟ" ಅಂತ ಹೆಸರಿಟ್ಟು ನಕ್ಕರು. ಸರಾಸರಿ ಸಿಕ್ಕರೆ ಸಾಕು ಅನ್ನುವ ಗಿರಾಕಿ ಎಲ್ಲಿದ್ದಾನೆ ಅನ್ನುವುದು ಅವರ ವಾದ. ಬೋಗಲ್ ಹಟ ಬಿಡಲಿಲ್ಲ.

ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಕಟ್ಟಿದ ಪಂಥದ ಕಥೆ ನಿಮಗೆ ಗೊತ್ತಿರಬಹುದು. 2008ರಿಂದ 2017ರ ಕೊನೆಯವರೆಗೆ ಹತ್ತು ವರ್ಷ. ಬಫೆಟ್ ಕಡೆ ಎಸ್ ಆಂಡ್ ಪಿ 500, ಅಂದರೆ ಅಮೆರಿಕದ ಐದುನೂರು ದೊಡ್ಡ ಕಂಪನಿಗಳ ಪಟ್ಟಿಯ ಇಂಡೆಕ್ಸ್ ಫಂಡ್, ಇನ್ನೊಂದು ಕಡೆ ಶ್ರೀಮಂತರ ದುಡ್ಡನ್ನು ದೊಡ್ಡ ಫೀಸಿಗೆ ಆಡಿಸುವ ಹೆಡ್ಜ್ ಫಂಡುಗಳಲ್ಲಿ ದುಡ್ಡು ಹಾಕುವ ಐದು ಫಂಡುಗಳು. ಕೊನೆಗೆ ಇಂಡೆಕ್ಸ್ ಫಂಡ್ 125.8 ಪರ್ಸೆಂಟ್ ಬೆಳೆದಿತ್ತು, ಆ ಐದರಲ್ಲಿ ಒಂದೂ ಅದರ ಹತ್ತಿರ ಬರಲಿಲ್ಲ. ಎಲ್ಲರೂ ಇಷ್ಟು ಹೇಳಿ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗುವುದು ಮೊದಲ ವರ್ಷ. 2008ರಲ್ಲಿ ಆ ಇಂಡೆಕ್ಸ್ 37 ಪರ್ಸೆಂಟ್ ಬಿತ್ತು, ಐದೂ ಫಂಡುಗಳು ಅದಕ್ಕಿಂತ ಕಡಿಮೆ ಬಿದ್ದವು. ಅಂದರೆ ಒಂದು ವರ್ಷ ಮುಗಿದಾಗ ಬಫೆಟ್ ಸೋಲುತ್ತಿದ್ದರು. ಆಗ ಯಾರಾದರೂ ನನ್ನನ್ನು ಕೇಳಿದ್ದರೆ, ಇವರು ಮುಗಿದರು ಅಂತಲೇ ಹೇಳುತ್ತಿದ್ದೆ.

ಹೀಗೆ ಹೇಳುವುದಕ್ಕೆ ಕಾರಣ ಇದೆ. ನಾನೂ ಒಂದು ಸಲ ಓಡಿಹೋಗಲು ಹೊರಟವಳೇ. 2020ರ ಮಾರ್ಚ್. ಕೊರೊನಾ ಶುರುವಾಗಿ ಮನೆಯೊಳಗೆ ಕೂತಿದ್ದೆವು. ದಿನಾ ರಾತ್ರಿ ಹೊದಿಕೆಯೊಳಗೆ ಫೋನ್ ಹಿಡಿದು ಅಂಕಿ ನೋಡುವುದು, ನಮ್ಮೆಜಮಾನರಿಗೆ ಬೆಳಕು ಬೀಳದ ಹಾಗೆ. ಏಳು ವರ್ಷ ಕಟ್ಟಿ ಗಳಿಸಿದ ಲಾಭ ಹೆಚ್ಚುಕಡಿಮೆ ಪೂರ್ತಿ ಕರಗಿತ್ತು. ಒಂದು ರಾತ್ರಿ ಎಲ್ಲವನ್ನೂ ಮಾರುವ ಬಟನ್ ಒತ್ತಿದೆ. ಓಟಿಪಿ ಬಂತು, ಹಾಕಿದೆ. ದುಡ್ಡು ಹೋಗಬೇಕಾದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿಲ್ಲ ಅಂತ ಕೆಂಪಕ್ಷರದಲ್ಲಿ ಬಂತು. ಹಳೆಯ ಖಾತೆ ಮುಚ್ಚಿ ಎರಡು ವರ್ಷವಾಗಿತ್ತು, ಇಲ್ಲಿ ಬದಲಾಯಿಸುವುದು ಮರೆತಿದ್ದೆ. ಬದಲಾಯಿಸಲು ಒಂದು ಫಾರಂ ಪ್ರಿಂಟ್ ಮಾಡಿ, ಸಹಿ ಹಾಕಿ, ಕ್ಯಾನ್ಸಲ್ ಮಾಡಿದ ಚೆಕ್ ಜೊತೆ ಕಳಿಸಬೇಕು. ಮನೆಯ ಪ್ರಿಂಟರಿನಲ್ಲಿ ಇಂಕ್ ಇಲ್ಲ. ಅಂಗಡಿಗಳು ಮುಚ್ಚಿವೆ.

ಅಂಗಡಿ ತೆಗೆದು ಇಂಕ್ ಸಿಗುವಷ್ಟರಲ್ಲಿ ಪೇಟೆ ಏರತೊಡಗಿತ್ತು. ಅಮೆರಿಕದ ಎಸ್ ಆಂಡ್ ಪಿ 500 ಆ ವರ್ಷ ಫೆಬ್ರವರಿ 19ರಿಂದ ಮಾರ್ಚ್ 23ರೊಳಗೆ 34 ಪರ್ಸೆಂಟ್ ಬಿದ್ದು, ಆಗಸ್ಟಿನಲ್ಲೇ ಹಳೆಯ ಎತ್ತರಕ್ಕೆ ಬಂದುಬಿಟ್ಟಿತು. ಹೀಗಾಗಿ "ನೀವು ಹೇಗೆ ಅಷ್ಟು ತಾಳ್ಮೆಯಿಂದ ಇದ್ದಿರಿ" ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಖಾಲಿ ಪ್ರಿಂಟರ್. ಅದಾದ ಮೇಲೆ ಫೋನಿನಿಂದ ಆಪ್ ತೆಗೆದುಹಾಕಿದೆ. ಕಂತು ತಾನಾಗಿ ಹೋಗುತ್ತದೆ, ಜನವರಿಯಲ್ಲಿ ಒಂದು ಸಲ ಲ್ಯಾಪ್‌ಟಾಪಿನಲ್ಲಿ ನೋಡುತ್ತೇನೆ. ಬ್ಯಾಂಕ್ ಖಾತೆ ಮತ್ತು ನಾಮಿನಿ ಹೆಸರು ಸರಿ ಇವೆಯಾ ಅಂತಲೂ ಅವತ್ತೇ ನೋಡುತ್ತೇನೆ. ನೀವೂ ನೋಡಿಕೊಳ್ಳಿ. ಮಾರುವುದಕ್ಕಲ್ಲ, ನಿಜವಾಗಿ ಬೇಕಾದಾಗ ಸಿಗಬೇಕಲ್ಲ.

ಈಗ ದೂರುಗಳು. ಚಿಕ್ಕ ದೂರು, ಫಂಡು ಇಂಡೆಕ್ಸಿಗಿಂತ ಯಾವಾಗಲೂ ಸ್ವಲ್ಪ ಹಿಂದೆ ಇರುತ್ತದೆ. ಖರ್ಚು, ಕೊಳ್ಳುವ ಮಾರುವ ವೆಚ್ಚ, ಕೈಯಲ್ಲಿ ಉಳಿಯುವ ನಗದು, ಇವೆಲ್ಲ ಕಾರಣ. ಒಂದೇ ಇಂಡೆಕ್ಸಿನ ಎರಡು ಫಂಡುಗಳಲ್ಲಿ ಯಾವುದು ಕಡಿಮೆ ಹಿಂದಿದೆ ಅಂತ ನೋಡಿ ಆರಿಸಿ. ಹೋಲಿಸುವಾಗ ಡಿವಿಡೆಂಡ್, ಅಂದರೆ ಕಂಪನಿಗಳು ಷೇರುದಾರರಿಗೆ ಹಂಚುವ ಲಾಭ, ಸೇರಿಸಿದ ಇಂಡೆಕ್ಸಿನ ಜೊತೆ ಹೋಲಿಸಿ. ಟೀವಿಯಲ್ಲಿ ಓಡುವ ಅಂಕಿಯಲ್ಲಿ ಸಾಮಾನ್ಯವಾಗಿ ಡಿವಿಡೆಂಡ್ ಸೇರಿರುವುದಿಲ್ಲ. ಅದರ ಜೊತೆ ಹೋಲಿಸಿದರೆ ಫಂಡು ಸುಳ್ಳೇ ಚೆನ್ನಾಗಿ ಕಾಣುತ್ತದೆ.

ದೊಡ್ಡ ದೂರು, ಇದು ದೊಡ್ಡವರ ಹಿಂದೆ ಹೋಗುವ ಸರಕು. ಯಾವ ಕಂಪನಿ ಉಬ್ಬಿದೆಯೋ ಅದಕ್ಕೇ ಜಾಸ್ತಿ ತೂಕ. ಎಸ್ ಆಂಡ್ ಪಿ 500ರಲ್ಲಿ ಹೆಸರಿಗೆ ಐದುನೂರು ಕಂಪನಿ, ಆದರೆ 2024ರ ಹೊತ್ತಿಗೆ ಮೇಲಿನ ಹತ್ತರದ್ದೇ ಮೂರನೇ ಒಂದು ಪಾಲು. ಎಲ್ಲ ಕಡೆ ಹಂಚಿದ್ದೇನೆ ಅಂದುಕೊಂಡಿರುತ್ತೀರಿ, ಅಷ್ಟೊಂದು ಹಂಚಿರುವುದಿಲ್ಲ. ಮತ್ತೆ, "ಪೇಟೆ ಕೊನೆಗೆ ಏರಲೇಬೇಕು" ಅನ್ನುವವರಿಗೆ ನಾನು ಜಪಾನ್ ತೋರಿಸುತ್ತೇನೆ. ಅಲ್ಲಿನ ನಿಕ್ಕೈ ಇಂಡೆಕ್ಸ್ 1989ರ ಡಿಸೆಂಬರಿನಲ್ಲಿ 38,915 ಮುಟ್ಟಿತು. ಅದನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ! ನಡುವೆ ಡಿವಿಡೆಂಡ್ ಬಂದಿರುತ್ತದೆ, ಪ್ರತಿ ತಿಂಗಳು ಕಟ್ಟುತ್ತಾ ಬಂದವರಿಗೆ ಕಡಿಮೆ ಬೆಲೆಗೂ ಸಿಕ್ಕಿರುತ್ತದೆ, ಅದೆಲ್ಲ ಸರಿ. ಆದರೆ 1989ರಲ್ಲಿ 55 ವಯಸ್ಸಾಗಿದ್ದವರು 2024ಕ್ಕೆ ಎಷ್ಟು ಅಂತ ಲೆಕ್ಕ ಹಾಕಿ. ನನ್ನ ಎರಡನೇ ಫಂಡ್ ಹೊರಗಿನ ಪೇಟೆಯದಾಗಿರುವುದು ಇದೇ ಭಯಕ್ಕೆ.

ಇನ್ನು ನಾನು ಒಂದು ಸ್ಟಾರ್ ಕಿತ್ತುಕೊಂಡ ಕಾರಣ. ಇಂಡೆಕ್ಸ್ ಫಂಡ್ ದುಡ್ಡು ಕೂಡಿಸುವುದಕ್ಕೆ ಚೆನ್ನಾಗಿದೆ, ತೆಗೆದು ತಿನ್ನುವಾಗ ಪೇಟೆ ಬಿದ್ದರೆ ಕಾಪಾಡುವ ವ್ಯವಸ್ಥೆ ಅದರಲ್ಲಿ ಏನೂ ಇಲ್ಲ. ರಿಟೈರ್‌ಮೆಂಟ್ ಅಂದರೆ ತೆಗೆದು ತಿನ್ನುವುದೇ ತಾನೆ? ಸಂಬಳ ಬರುವಾಗ ಪೇಟೆ ಬಿದ್ದರೆ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಸಮಾಧಾನ ಮಾಡಿಕೊಳ್ಳಬಹುದು. ಸಂಬಳ ನಿಂತ ಮೊದಲ ವರ್ಷವೇ ಬಿದ್ದರೆ ಬಿದ್ದ ಬೆಲೆಗೆ ಮಾರಿ ಅಕ್ಕಿಬೇಳೆ ತರಬೇಕು.

ಒಂದು ಸಣ್ಣ ಲೆಕ್ಕ ನೋಡಿ. ಇಬ್ಬರ ಹತ್ತಿರವೂ ನೂರು ನೂರು ಇದೆ. ಪ್ರತಿ ವರ್ಷದ ಕೊನೆಗೆ ಇಬ್ಬರೂ 10 ತೆಗೆಯುತ್ತಾರೆ. ಮೊದಲನೆಯವರಿಗೆ ಪೇಟೆ ಮೊದಲು 30 ಪರ್ಸೆಂಟ್ ಬಿತ್ತು, ಆಮೇಲೆ 10 ಏರಿತು, ಆಮೇಲೆ 30 ಏರಿತು. ಎರಡನೆಯವರಿಗೆ ಅದೇ ಮೂರು ವರ್ಷ ಉಲ್ಟಾ, ಮೊದಲು 30 ಏರಿತು, 10 ಏರಿತು, ಕೊನೆಗೆ 30 ಬಿತ್ತು. ದುಡ್ಡು ಮುಟ್ಟದೇ ಇದ್ದಿದ್ದರೆ ಇಬ್ಬರಿಗೂ ಅಷ್ಟೇ ಉಳಿಯುತ್ತಿತ್ತು, ಹೆಚ್ಚುಕಡಿಮೆ ಅದೇ ನೂರು. ತೆಗೆದಿದ್ದರಿಂದ ಮೊದಲನೆಯವರ ಹತ್ತಿರ ಉಳಿದಿದ್ದು 63, ಎರಡನೆಯವರ ಹತ್ತಿರ 75. ಅದೇ ಫಂಡು, ಅದೇ ಸರಾಸರಿ, ಅದೇ ಖರ್ಚು. ಕೆಲಸ ಬಿಟ್ಟ ವರ್ಷ ಯಾವುದು ಅನ್ನುವುದಷ್ಟೇ ಬೇರೆ. ಇದನ್ನು ಫಂಡ್ ಮಾರುವ ಯಾವ ಜಾಹೀರಾತಿನಲ್ಲೂ ನಾನು ನೋಡಿಲ್ಲ.

ನನ್ನ ದೊಡ್ಡಪ್ಪ 2008ರ ಶುರುವಿನಲ್ಲಿ ರಿಟೈರ್ ಆಗಿ, ಬಂದ ಇಡಿಗಂಟನ್ನು ಒಂದೇ ಸಲ ಷೇರು ಫಂಡಿಗೆ ಹಾಕಿದರು. ಮುಂದೆ ಏನಾಯಿತು ಅಂತ ಹೇಳಬೇಕಾಗಿಲ್ಲ. ಅವರು ಆಮೇಲೆ ಪೇಪರಿನ ಆ ಪುಟವನ್ನೇ ಬಿಡಿಸುತ್ತಿರಲಿಲ್ಲ.

ಎಷ್ಟು ತೆಗೆಯಬಹುದು ಅನ್ನುವುದಕ್ಕೆ ಎಲ್ಲರೂ ಹೇಳುವ 4 ಪರ್ಸೆಂಟ್ ಲೆಕ್ಕ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅವರದು, 1994ರದು. ಮೊದಲ ವರ್ಷ ಗಂಟಿನ 4 ಪರ್ಸೆಂಟ್ ತೆಗೆಯುವುದು, ಆಮೇಲೆ ಪ್ರತಿ ವರ್ಷ ಬೆಲೆ ಏರಿದಷ್ಟು ಅದನ್ನು ಏರಿಸುವುದು. ವರ್ಷದ ಖರ್ಚಿನ 25 ಪಟ್ಟು ಬೇಕು ಅನ್ನುವ ಮಾತು ಬಂದಿದ್ದು ಇಲ್ಲಿಂದಲೇ. ಆದರೆ ಅವರು ನೋಡಿದ್ದು ಅಮೆರಿಕದ ಪೇಟೆಯ ಹಳೆಯ ಅಂಕಿಗಳನ್ನು, ದುಡ್ಡು 30 ವರ್ಷ ಬಾಳುತ್ತದಾ ಅಂತ. ಅರ್ಧದಷ್ಟು ಬಾಂಡ್, ಅಂದರೆ ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಟ್ಟ ಸಾಲದ ಪತ್ರ, ಇಟ್ಟುಕೊಂಡ ಲೆಕ್ಕ ಅದು. ಪೂರ್ತಿ ಇಂಡೆಕ್ಸ್ ಫಂಡ್ ಇಟ್ಟುಕೊಂಡು, ಬೇರೆ ದೇಶದಲ್ಲಿ ಕೂತು, 45ಕ್ಕೇ ಕೆಲಸ ಬಿಡುವವರು ಅದನ್ನೇ ಹಿಡಿದುಕೊಂಡರೆ ಅದು ಬೆಂಗೆನ್ ತಪ್ಪಲ್ಲ.

ಹಾಗಾಗಿ ಐವತ್ತು ದಾಟುವ ಹೊತ್ತಿಗೆ ನಾನು ಮಾಡಿಕೊಂಡ ಏರ್ಪಾಡು ಇಷ್ಟು. ಕೆಲಸ ಬಿಡುವ ದಿನಕ್ಕೆ ನಾಲ್ಕು ವರ್ಷದ ಮನೆಖರ್ಚು ಠೇವಣಿ ಮತ್ತು ಬಾಂಡಿನಲ್ಲಿ ಇರಬೇಕು. ಪೇಟೆ ಬಿದ್ದ ವರ್ಷ ಅದರಿಂದ ತಿನ್ನುವುದು, ಏರಿದ ವರ್ಷ ಫಂಡಿನಿಂದ ತೆಗೆದು ಮತ್ತೆ ತುಂಬುವುದು. ನಾಲ್ಕು ವರ್ಷ ಯಾವಾಗಲೂ ಸಾಲುತ್ತದೆ ಅಂತಲ್ಲ. 2000ದಲ್ಲಿ ಬಿದ್ದ ಎಸ್ ಆಂಡ್ ಪಿ 500 ಹಳೆಯ ಎತ್ತರಕ್ಕೆ ಬರಲು ಏಳು ವರ್ಷ ಹಿಡಿಯಿತು. ಜಾಸ್ತಿ ಇಟ್ಟರೆ ಬೆಲೆ ಏರಿಕೆ ತಿನ್ನುತ್ತದೆ, ಕಡಿಮೆ ಇಟ್ಟರೆ ನಿದ್ದೆ ಬರುವುದಿಲ್ಲ. ನಾಲ್ಕು ನನ್ನ ನಿದ್ದೆಯ ಲೆಕ್ಕ. ನಮ್ಮೆಜಮಾನರು ಎರಡು ಸಾಕು ಅನ್ನುತ್ತಾರೆ, ಅವರಿಗೆ ಎಲ್ಲಿ ಮಲಗಿದರೂ ನಿದ್ದೆ ಬರುತ್ತದೆ.

ಯಾರು ತಗೊಳ್ಳಬಹುದು? ಹತ್ತು ವರ್ಷ ಮುಟ್ಟದೇ ಇರಬಲ್ಲವರು, ಆರು ತಿಂಗಳ ಖರ್ಚು ಬೇರೆ ಕಡೆ ತೆಗೆದಿಟ್ಟವರು, ದುಬಾರಿ ಬಡ್ಡಿಯ ಸಾಲ ತೀರಿಸಿದವರು. ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟುಕೊಂಡು ಇದಕ್ಕೆ ಕಂತು ಕಟ್ಟುವುದು ತಳ ತೂತಾದ ಬಿಂದಿಗೆಗೆ ನೀರು ತುಂಬಿದ ಹಾಗೆ. ಮೂರು ವರ್ಷದಲ್ಲಿ ಮಗಳ ಕಾಲೇಜಿಗೆ ಬೇಕಾದ ದುಡ್ಡನ್ನು ಇಲ್ಲಿ ಹಾಕಬೇಡಿ. ನಡುವೆ ಕಮಿಷನ್ ತಿನ್ನುವವರಿಲ್ಲದೆ ನೇರವಾಗಿ ಕೊಳ್ಳುವ ದಾರಿ ಇದ್ದರೆ ಅದರಲ್ಲೇ ಹೋಗಿ.

ಕಳೆದ ಜನವರಿಯಲ್ಲಿ ಫಂಡಿನಿಂದ ಮೊದಲ ಸಲ ಒಂದು ಪಾಲು ತೆಗೆದು ಠೇವಣಿಗೆ ಹಾಕಿದೆ. ಮಾರುವ ಬಟನ್ ಒತ್ತಿದಾಗ ಕೈ 2020ರ ಹಾಗೇ ನಡುಗಿತು. ಈ ಸಲ ಪೇಟೆ ಮೇಲಿತ್ತು, ಬ್ಯಾಂಕ್ ಖಾತೆ ಸರಿ ಇತ್ತು, ಮೂರನೇ ದಿನ ದುಡ್ಡು ಬಂತು. ಪ್ರಿಂಟರಿಗೆ ಮಾತ್ರ ಇನ್ನೂ ಇಂಕ್ ಹಾಕಿಸಿಲ್ಲ.