ಹೊಸದುರ್ಗದ ಶಿಬಿರದಲ್ಲಿ ಕಂಟೇನರ್ ಸೌರ ವಿದ್ಯುತ್: ಐದು ತಿಂಗಳ ಲೆಕ್ಕ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಕಾಲುವೆ ಕಾಮಗಾರಿಗೆಂದು ಹಾಕಿರುವ ನಮ್ಮ ಶಿಬಿರಕ್ಕೆ ವಿದ್ಯುತ್ ಮಾರ್ಗ ಇನ್ನೂ ಬಂದಿಲ್ಲ. ಡಿಸೆಂಬರ್‌ವರೆಗೆ ಕಾರ್ಮಿಕರ ಮನೆಗಳು, ಕೊಳವೆಬಾವಿಯ ಪಂಪು, ಕಾಂಕ್ರೀಟ್ ಪರೀಕ್ಷೆಯ ಕೊಠಡಿ ಎಲ್ಲವೂ ಡೀಸೆಲ್ ಜನರೇಟರನ್ನೇ ನೆಚ್ಚಿಕೊಂಡಿದ್ದವು. ಆಮೇಲೆ 20 ಕಿಲೋವ್ಯಾಟ್ ಫಲಕ, 60 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಮತ್ತು ಇನ್ವರ್ಟರ್‌ಗಳನ್ನು 20 ಅಡಿಯ ಕಂಟೇನರ್‌ನಲ್ಲಿ ಹೊತ್ತು ತರುವ ಘಟಕವೊಂದನ್ನು ಬೆಂಗಳೂರಿನ ಕಂಪನಿಯಿಂದ ತಿಂಗಳಿಗೆ 52,000 ರೂಪಾಯಿ ಬಾಡಿಗೆಗೆ ತಂದೆವು.

ಫಲಕಗಳೆಲ್ಲ ಕಂಟೇನರ್‌ನ ಮೇಲೆಯೇ ಕೂರುತ್ತವೆ ಎಂದು ತಿಳಿಯಬಾರದು. ಅದರ ಮೇಲ್ಛಾವಣಿ ಇರುವುದು 15 ಚದರ ಮೀಟರ್‌ಗಿಂತ ಕಡಿಮೆ, ಅಲ್ಲಿ ಹಿಡಿಸುವುದು ಹೆಚ್ಚೆಂದರೆ 3 ಕಿಲೋವ್ಯಾಟ್. ಉಳಿದವನ್ನು ಬಿಡಿಸಿ ಹರಡಲು ನಾವು ನೆಲ ಸಮತಟ್ಟು ಮಾಡಿಕೊಡಬೇಕಾಯಿತು.

ನಮ್ಮ ಸೀಮೆಯಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಅಂದರೆ ಒಟ್ಟು 80 ಯೂನಿಟ್. ಜನರೇಟರ್ ಒಂದು ಲೀಟರ್ ಡೀಸೆಲ್‌ಗೆ ಮೂರು, ಮೂರೂವರೆ ಯೂನಿಟ್ ಕೊಡುವುದರಿಂದ ಅಷ್ಟೇ ವಿದ್ಯುತ್ತಿಗೆ 25 ಲೀಟರ್ ಬೇಕು. ಲೀಟರಿಗೆ 90 ರೂಪಾಯಿಯಂತೆ ತಿಂಗಳಿಗೆ 67,500 ರೂಪಾಯಿ. ಅದರಲ್ಲಿ ಬಾಡಿಗೆ ಕಳೆದರೆ ಉಳಿಯುವುದು 15,500. ಆದರೆ ಟ್ರೇಲರ್ ಹಾಗೂ ಕ್ರೇನ್‌ಗೆ, ಹೋಗಿ ಬರುವ ಖರ್ಚೂ ಸೇರಿ, 70,000 ರೂಪಾಯಿ ತೆತ್ತಿದ್ದೇವೆ. ಆದ್ದರಿಂದ ಐದು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸಕ್ಕೆ ಇದನ್ನು ತರಿಸುವುದು ನಷ್ಟ. ಈ ಲೆಕ್ಕ ನಿಲ್ಲುವುದೂ 80 ಯೂನಿಟ್ ಪೂರ್ತಿ ಬಳಕೆಯಾದರೆ ಮಾತ್ರ. ರಾತ್ರಿ ಓಡಿಸುತ್ತಿದ್ದ ಪಂಪನ್ನು ಹಗಲಿಗೆ ತಂದ ಮೇಲಷ್ಟೇ ನಮಗೆ ಅದು ಸಾಧ್ಯವಾಯಿತು.

ಇಂಥ ಘಟಕದ ಬಾಡಿಗೆಗೆ ಎರಡು ವರ್ಷದ ಹಿಂದೆ ವಿಚಾರಿಸಿದಾಗ ಒಬ್ಬರೇ ದರ ಹೇಳಿದ್ದರು, ಈ ಸಲ ನಾಲ್ವರು ಹೇಳಿದರು. 2010ರಲ್ಲಿ ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ 1,000 ಡಾಲರ್‌ಗೂ ಮೀರಿದ್ದ ಜಾಗತಿಕ ಸರಾಸರಿ ಬೆಲೆ 2024ರಲ್ಲಿ 115 ಡಾಲರ್‌ಗೆ ಇಳಿದದ್ದೇ ಇದಕ್ಕೆ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಕಂಪನಿಯ ಮೇಲೆ ನನ್ನ ಮುಖ್ಯ ದೂರು ಬಿಸಿಲಿನ ವಿಚಾರದಲ್ಲಿದೆ. ಏಪ್ರಿಲ್‌ನಲ್ಲಿ ತಗಡಿನ ಪೆಟ್ಟಿಗೆ ಕಾದು, ಒಳಗಿನ ಎ.ಸಿ. ಹಗಲೆಲ್ಲ ಓಡಿ, ನಮಗೆ ಸಿಗಬೇಕಾದ ವಿದ್ಯುತ್ತಿನಲ್ಲಿ ದಿನಕ್ಕೆ 9, 10 ಯೂನಿಟ್‌ಗಳನ್ನು ತಾನೇ ತಿಂದಿತು. ಎರಡು ಮಧ್ಯಾಹ್ನ ಇನ್ವರ್ಟರ್ ತಾಪ ತಾಳದೆ ನಿಂತೇಹೋಯಿತು. ದೂರಿದ ಮೂರನೆಯ ದಿನ ಮೆಕ್ಯಾನಿಕ್ ಬಂದರು. ಕಾಲುವೆ ಅಗೆತದ ಧೂಳು ಕೂತು ಇಳುವರಿ ಕುಗ್ಗುವುದರಿಂದ ನಾಲ್ಕು ದಿನಕ್ಕೊಮ್ಮೆ ಫಲಕ ತೊಳೆಯಲೇಬೇಕು, ನೀರಿಗೆ ಬರವಿರುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟಾದರೂ ರಾತ್ರಿ ಜನರೇಟರ್ ಸದ್ದಿಲ್ಲದೆ ಕಾರ್ಮಿಕರ ಮಕ್ಕಳು ನಿದ್ದೆ ಮಾಡುವುದನ್ನು ಕಂಡ ಮೇಲೆ ಹಳೆಯ ವ್ಯವಸ್ಥೆಗೆ ಮರಳಲು ಮನಸ್ಸಾಗಲಿಲ್ಲ. ಕಂಟೇನರ್ ಮೇಲೆ ಗಾಳಿಯಾಡುವಂತೆ ಎರಡನೆಯ ಚಾವಣಿ ಹಾಕಿಸಿಕೊಡಬೇಕೆಂಬ ಷರತ್ತನ್ನು ಬರಹದಲ್ಲಿ ಸೇರಿಸಿ, ಕರಾರನ್ನು ಇನ್ನೂ ಆರು ತಿಂಗಳಿಗೆ ಮುಂದುವರಿಸಿದ್ದೇವೆ.