ನರಸಿಂಹರಾಜು ಚಿತ್ರಗಳ ಹೆಸರಿನಲ್ಲಿ ಪಾಸ್ ಮಾರುವವರ ಬಗ್ಗೆ ಎಚ್ಚರ

‘ಹಾಸ್ಯ ಚಕ್ರವರ್ತಿ ನರಸಿಂಹರಾಜು ಅವರ ಅಮರ ಚಿತ್ರಗಳು’ ಎಂದು ಕರಪತ್ರ ಹಿಡಿದು ಪಾಸ್ ಮಾರಲು ಯಾರಾದರೂ ಬಂದರೆ, ಹಣ ಕೊಡುವ ಮೊದಲು ಒಂದು ಮಾತು ಕೇಳಿ: ಚಿತ್ರದ ಪ್ರತಿ ಎಲ್ಲಿಂದ ತಂದಿದ್ದೀರಿ? ಹೋದ ಮಳೆಗಾಲದಲ್ಲಿ ಶಿವಮೊಗ್ಗದ ಸಭಾಂಗಣವೊಂದರಲ್ಲಿ ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು.

‘ಹೊಸದಾಗಿ ಸಂಸ್ಕರಿಸಿದ ಪ್ರತಿ, ಪೂರ್ಣ ಚಿತ್ರ’ ಎಂದು ಅಚ್ಚು ಹಾಕಿಸಿದ್ದರು. ಅದನ್ನು ನಂಬಿ ತೀರ್ಥಹಳ್ಳಿ, ಸಾಗರದ ಕಡೆಯ ಹಿರಿಯರು ಸುರಿಯುವ ಮಳೆಯಲ್ಲೇ ಬಸ್ ಹತ್ತಿ ಬಂದಿದ್ದರು. ನನ್ನ ತಾಯಿಯೂ ಬಂದಿದ್ದರು. ತೋರಿಸಿದ್ದು ಲ್ಯಾಪ್‌ಟಾಪ್‌ನಲ್ಲಿ ಇಳಿಸಿಕೊಂಡಿದ್ದ ಮಸುಕು ವಿಡಿಯೊ. ಮೇಲಿನ ಮೂಲೆಯಲ್ಲಿ ಟಿ.ವಿ. ವಾಹಿನಿಯೊಂದರ ಗುರುತು ಕೊನೆಯವರೆಗೂ ಕುಳಿತಿತ್ತು.

ಅದಕ್ಕಿಂತ ಹೊಟ್ಟೆ ಉರಿದದ್ದು ಚಿತ್ರವನ್ನು ಅಗಲಕ್ಕೆ ಎಳೆದದ್ದಕ್ಕೆ. ಆ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3ರ ಅಳತೆಯದು, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ಅದನ್ನು ಇಂದಿನ 16:9 ಪರದೆಯ ತುಂಬ ಹರಡಿದರೆ ಪರದೆಯ ಮೇಲಿನವರೆಲ್ಲ ಮೂರನೇ ಒಂದು ಪಾಲು ದಪ್ಪವಾಗುತ್ತಾರೆ. ನರಸಿಂಹರಾಜು ಅವರ ಹಾಸ್ಯ ಅರ್ಧ ಇರುವುದೇ ಆ ಕಡ್ಡಿಯಂಥ ಮೈಯಲ್ಲಿ, ಉಬ್ಬುಹಲ್ಲಿನ ನಗುವಿನಲ್ಲಿ. ಅಲ್ಲಿ ಕಂಡದ್ದು ಯಾರೋ ಗುಂಡುಮುಖದ ಅಪರಿಚಿತ. ಸಾಲದೆಂಬಂತೆ ತುಟಿ ಅಲುಗಾಡಿ ಮುಗಿದ ಮೇಲೆ ಮಾತು ಕೇಳಿಸುತ್ತಿತ್ತು. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರ ಜೊತೆಗೇ ತೆರೆಗೆ ಬಂದ ನಟ ಅವರು, ಮಾತು ಎಲ್ಲಿ ಬೀಳಬೇಕು, ಕಣ್ಣು ಎಲ್ಲಿ ಹೊರಳಬೇಕು ಎಂಬುದರಲ್ಲಿ ಅವರಿಗೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಸಭೆಯಲ್ಲಿ ನಗು ಏಳಲೇ ಇಲ್ಲ. ಹಿಂದೆ ಕುಳಿತಿದ್ದ ಹುಡುಗರು ಇದೇನಾ ಆ ಹಾಸ್ಯ ಎಂದು ಕೇಳಿದಾಗ ನನಗೆ ಸಿಟ್ಟು ಬಂದದ್ದು ಆ ಹುಡುಗರ ಮೇಲಲ್ಲ.

ಅಂದು ತೋರಿಸಿದ 1965ರ ‘ಸತ್ಯ ಹರಿಶ್ಚಂದ್ರ’ ಮೂರು ಗಂಟೆಗೂ ಮೀರಿದ ಚಿತ್ರ. ಇವರು ಎರಡು ಗಂಟೆಯೊಳಗೆ ಮುಗಿಸಿದರು. ಅದರಲ್ಲಿ ಬಾಕಿ ಹಣಕ್ಕಾಗಿ ಹರಿಶ್ಚಂದ್ರನ ಬೆನ್ನು ಬಿಡದ ನಕ್ಷತ್ರಿಕನ ಪಾತ್ರ ನರಸಿಂಹರಾಜು ಅವರದು. ಅವರ ಹೆಸರಿನಲ್ಲಿ ಹಣ ಎತ್ತಿ ಅವರ ದೃಶ್ಯಗಳಿಗೇ ಕತ್ತರಿ ಹಾಕಿದ್ದರು! ಕೇಳಿದರೆ, ಹಳೆಯ ಚಿತ್ರ, ಸಿಕ್ಕಿದ್ದು ಇಷ್ಟೇ ಎಂದರು. ಹಣ ವಾಪಸ್ ಕೊಡಲಿಲ್ಲ.

ಇದು ಹೆಗ್ಗೋಡಿನ ಜಿಲ್ಲೆ. 1973ರಲ್ಲೇ ಅಲ್ಲಿನ ರಂಗಸಂಸ್ಥೆ ನೀನಾಸಂ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸಿದ ಸೀಮೆ. ಇಲ್ಲಿನ ಪ್ರೇಕ್ಷಕರಿಗೆ ಏನು ಹಾಕಿದರೂ ನಡೆಯುತ್ತದೆ ಎಂದುಕೊಳ್ಳುವುದು ಅವಮಾನ.

ಆದ್ದರಿಂದ ಪ್ರದರ್ಶನದ ಹಕ್ಕು ಪಡೆದಿದ್ದಾರೆಯೇ, ಪ್ರತಿಯ ಪೂರ್ಣ ಅವಧಿ ಎಷ್ಟು ಎಂದು ಮೊದಲೇ ಕೇಳಿ. ‘ಸತ್ಯ ಹರಿಶ್ಚಂದ್ರ’ವಾದರೆ ಮೂಲ ಕಪ್ಪು-ಬಿಳುಪೋ, 2008ರಲ್ಲಿ ಬಿಡುಗಡೆಯಾದ ಬಣ್ಣದ ಆವೃತ್ತಿಯೋ ಎಂದೂ ಕೇಳಿ. ಚಿತ್ರದ ಆರಂಭದಲ್ಲಿ ಸೆನ್ಸಾರ್ ಪ್ರಮಾಣಪತ್ರ ತೋರಿಸದಿದ್ದರೆ ಆಗಲೇ ಎದ್ದು ಪ್ರಶ್ನಿಸಿ. ಉತ್ತರ ತಡವರಿಸಿದರೆ ಪಾಸ್ ಬೇಡ.

ಈಗಾಗಲೇ ಹಣ ಕಳೆದುಕೊಂಡವರು ಕರಪತ್ರ, ಪಾಸ್, ಮೊಬೈಲ್ ಪಾವತಿಯ ದಾಖಲೆ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಕಾಶವಿದೆ, ಇಂಥ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ನಾವು ಕೆಲವರು ಸೇರಿ ದೂರು ಬರೆಯುತ್ತಿದ್ದೇವೆ. ಅಂದು ಸಭಾಂಗಣದಲ್ಲಿದ್ದವರು ಜೊತೆಗೂಡಿ.